ತೊಗಲಿನ ಪರದೆ, ವಿಡಿಯೋದ ಗೋಡೆ: ಪ್ರಯೋಗ ಯಾರದು?

ಚಿತ್ರ, ಕುಣಿತ, ಸ್ಥಳ ಮೂರೂ ಸೇರಿದ ವಿಡಿಯೋ ಕಲೆಯ ಇತಿಹಾಸ ಹೇಳುವಾಗ ನಾವು ನಳಿನಿ ಮಲಾನಿ ಅವರಿಂದ ಶುರು ಮಾಡ್ತೀವಿ. 1969ರಲ್ಲಿ ಮುಂಬೈಯಲ್ಲಿ, ಅಕ್ಬರ್ ಪದಮ್‌ಸೀ ಅವರ ಕಾರ್ಯಾಗಾರದಲ್ಲಿ, ಅವರು 'ಡ್ರೀಮ್ ಹೌಸಸ್' ಎಂಬ ಕಿರು ಅನಿಮೇಶನ್ ಮಾಡಿದರು. 2000ದ 'ಹ್ಯಾಮ್ಲೆಟ್‌ಮಷೀನ್' ಕೃತಿಗೆ ಜಪಾನಿನ ಬುಟೋ ನರ್ತಕ ಹರಾದಾ ನೊಬುವೊ ಕುಣಿದರು. ಆ ದೃಶ್ಯಗಳು ಗೋಡೆಗಳ ಮೇಲಷ್ಟೇ ಅಲ್ಲ, ನೆಲಕ್ಕೆ ಹಾಸಿದ ಉಪ್ಪಿನ ಮೇಲೂ ಬೀಳ್ತವೆ. 2001ರ 'ಟ್ರಾನ್ಸ್‌ಗ್ರೆಷನ್ಸ್'ನಲ್ಲಿ, ತಿರುಗುವ ಪಾರದರ್ಶಕ ಉರುಳೆಗಳ ಮೇಲೆ ಬರೆದ ಚಿತ್ರಗಳ ನೆರಳು ಗೋಡೆ ತುಂಬ ಓಡಾಡುತ್ತದೆ.

ಜತ್ತ ತಾಲೂಕಿನ ಬಾಲಗಾಂವದಂಥ ಗಡಿ ಊರಿನಿಂದ ನೋಡಿದರೆ ಆ ನೆರಳು ನನಗೆ ಹೊಸದಲ್ಲ. ತೆಳುವಾಗಿ ಹದ ಮಾಡಿದ ತೊಗಲು, ಅದಕ್ಕೆ ಬಣ್ಣ, ಹಿಂದೆ ದೀಪ, ಮುಂದೆ ಪರದೆ: ತೊಗಲುಗೊಂಬೆಯೂ ಹೀಗೇ ಕುಣೀತದೆ. ಆಡಿಸುವ ಕಿಳ್ಳೇಕ್ಯಾತರ ಮನೆಮಾತು ಮರಾಠಿ ಬಗೆಯದು, ಪರದೆ ಹಿಂದಿನ ಮಾತು ಕನ್ನಡ. ಗಡಿ ಅವರ ನಾಲಿಗೆಯಲ್ಲೇ ಇದೆ.

ಮಲಾನಿಯವರು ಇವರಿಂದ ಕಲಿತರು ಅಂತ ನಾನು ಹೇಳ್ತಿಲ್ಲ. ನನ್ನ ತಕರಾರು ನಮ್ಮ ಬರವಣಿಗೆಯ ಮೇಲೆ. ಈಗಷ್ಟೇ ನಾನೇ ಏನು ಮಾಡಿದೆ ನೋಡ್ರಿ: ಕಲಾವಿದೆಗೆ ಹೆಸರು, ಇಸವಿ ಕೊಟ್ಟೆ; ಗೊಂಬೆಯವರನ್ನು ಜಾತಿಯಿಂದ ಕರೆದೆ. ಒಂದನ್ನು ಪ್ರಯೋಗ ಅಂದೆವು, ಇನ್ನೊಂದನ್ನು ಜಾನಪದ ಅಂದೆವು. ಬಳ್ಳಾರಿಯ ಬೆಳಗಲ್ಲು ವೀರಣ್ಣ ಗಾಂಧೀಜಿಯ ಬದುಕನ್ನೇ ತೊಗಲುಗೊಂಬೆಗೆ ತಂದರಲ್ಲ, ಅದು ಪ್ರಯೋಗ ಅಲ್ಲವೇ?

ಗೊಂಬೆ ಕೊರೆದವರ ಹೆಸರು, ಊರು, ಇಸವಿ ಕೇಳಿ ಬರೆದುಕೊಳ್ಳೋಣ. ಈ ಇತಿಹಾಸದ ಮೊದಲ ಪುಟ ಅಲ್ಲಿಂದ ಶುರುವಾಗಲಿ.