ಭೂಮಿ ಯೋಜನೆ

ಭೂಮಿ: ಕರ್ನಾಟಕದ ಕೃಷಿ ಜಮೀನುಗಳ ಹಕ್ಕು ದಾಖಲೆಯನ್ನು ಗಣಕೀಕರಿಸಿ, ಪಹಣಿಯನ್ನು (ಆರ್‌ಟಿಸಿ) ತಾಲ್ಲೂಕು ಕಚೇರಿಯ ಕೌಂಟರಿನಲ್ಲೇ ಮುದ್ರಿಸಿ ಕೊಡಲು ರಾಜ್ಯ ಕಂದಾಯ ಇಲಾಖೆ ರೂಪಿಸಿದ ವ್ಯವಸ್ಥೆ. ತಂತ್ರಾಂಶ ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ್ದು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮೇಲ್ವಿಚಾರಣೆಯಲ್ಲಿ, 2002ರ ಹೊತ್ತಿಗೆ ರಾಜ್ಯದ ಎಲ್ಲ ತಾಲ್ಲೂಕುಗಳಿಗೂ ಹಬ್ಬಿತು. ಸುಮಾರು 67 ಲಕ್ಷ ಖಾತೆದಾರರ 2 ಕೋಟಿಯಷ್ಟು ಪಹಣಿಗಳು ಇದರ ವ್ಯಾಪ್ತಿಗೆ ಬಂದವು. ಭಾರತದ ಇ-ಆಡಳಿತದ ಆರಂಭಿಕ ಪ್ರಯೋಗಗಳಲ್ಲಿ ಇದು ಮುಖ್ಯವಾದುದು.

ಹಿನ್ನೆಲೆ
ವಂಶಪಾರಂಪರ್ಯದ ಶಾನುಭೋಗಿಕೆ 1961ರ ಕಾಯ್ದೆಯಿಂದ ರದ್ದಾದ ಮೇಲೆ ಹಳ್ಳಿಯ ಜಮೀನು ಲೆಕ್ಕ ಗ್ರಾಮ ಲೆಕ್ಕಿಗರ ಕೈಗೆ ಬಂತು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರಿದ್ದರು; ಒಬ್ಬೊಬ್ಬರಿಗೂ ಹಲವು ಹಳ್ಳಿಗಳು. ಬೆಳೆಸಾಲಕ್ಕೋ ಕೋರ್ಟು ವ್ಯಾಜ್ಯಕ್ಕೋ ಪಹಣಿ ಬೇಕಾದ ರೈತ ಅವರನ್ನು ಹುಡುಕಿಕೊಂಡು ಅಲೆಯಬೇಕಿತ್ತು. ಪಹಣಿ ಪುಸ್ತಕ ಲೆಕ್ಕಿಗರೊಬ್ಬರ ವಶದಲ್ಲೇ ಇರುತ್ತಿದ್ದುದರಿಂದ ತಿದ್ದಿ ಬರೆದರೂ ಪತ್ತೆ ಹಚ್ಚುವುದು ಕಷ್ಟವಾಗಿತ್ತು.

ಗಣಕೀಕರಣಕ್ಕೆ ಕೇಂದ್ರ ಸರ್ಕಾರ 1988–89ರಲ್ಲೇ ನೆರವು ನೀಡತೊಡಗಿತ್ತು. ಆದರೆ ಕೈಬರಹದ ಪಹಣಿಗೂ ಮಾನ್ಯತೆ ಇದ್ದುದರಿಂದ ಕಂಪ್ಯೂಟರಿಗೆ ತುಂಬಿದ ವಿವರ ಕೆಲವೇ ತಿಂಗಳಲ್ಲಿ ಹಳತಾಗುತ್ತಿತ್ತು. ಭೂಮಿ ಯೋಜನೆಯ ನಿರ್ಣಾಯಕ ಹೆಜ್ಜೆ ಆಡಳಿತಾತ್ಮಕವಾದುದು: ತಾಲ್ಲೂಕಿನಲ್ಲಿ ಭೂಮಿ ಕೇಂದ್ರ ಶುರುವಾಗುತ್ತಿದ್ದಂತೆ ಕೈಬರಹದ ಪಹಣಿಯ ಮಾನ್ಯತೆಯನ್ನೇ ರದ್ದುಪಡಿಸಲಾಯಿತು.

ಕಾರ್ಯವಿಧಾನ
ಸರ್ವೆ ನಂಬರ್ ಹೇಳಿ ಶುಲ್ಕ ಕಟ್ಟಿದರೆ ಪಹಣಿ ಸಿಗುತ್ತದೆ. ಆರಂಭದಲ್ಲಿ ಶುಲ್ಕ 15 ರೂಪಾಯಿ ಇತ್ತು. ಸಿಬ್ಬಂದಿ ನಮೂದಿಸುವುದು ರೈತನಿಗೂ ಕಾಣಲೆಂದು ಅವನ ಕಡೆಗೆ ಮುಖ ಮಾಡಿದ ಇನ್ನೊಂದು ಪರದೆ ಇಡಲಾಯಿತು. ಖರೀದಿ, ವಿಭಾಗ, ದಾನ ಇಲ್ಲವೇ ವಾರಸು ಮೂಲಕ ಹಕ್ಕು ಬದಲಾದರೆ ಮ್ಯುಟೇಷನ್ ಅರ್ಜಿ ದಾಖಲಾಗುತ್ತದೆ. ತಕರಾರಿಗೆ ಆರಂಭದಲ್ಲಿ 30 ದಿನಗಳ ನೋಟಿಸ್ ಅವಧಿ ಇತ್ತು. ಮೊದಲು ಬಂದ ಅರ್ಜಿ ಮೊದಲು ಇತ್ಯರ್ಥವಾಗಬೇಕೆಂಬ ಸರದಿಯನ್ನು ತಂತ್ರಾಂಶವೇ ಕಾಯುತ್ತದೆ. ನಮೂದು ಮಾಡುವ ಸಿಬ್ಬಂದಿ ಬೆರಳಚ್ಚು ಕೊಟ್ಟೇ ಲಾಗಿನ್ ಆಗಬೇಕಾದ್ದರಿಂದ ಯಾವ ಬದಲಾವಣೆ ಯಾರದೆಂಬುದು ದಾಖಲೆಯಲ್ಲಿ ಉಳಿಯುತ್ತದೆ.

ವಿಸ್ತರಣೆ
ಮುಂದೆ ನೋಂದಣಿ ಇಲಾಖೆಯ ‘ಕಾವೇರಿ’ ಹಾಗೂ ಭೂಮಾಪನ ಇಲಾಖೆಯ ‘ಮೋಜಿಣಿ’ ತಂತ್ರಾಂಶಗಳನ್ನು ಭೂಮಿಗೆ ಜೋಡಿಸಲಾಯಿತು. ಕ್ರಯಪತ್ರ ನೋಂದಣಿಯಾದರೆ ಮಾಹಿತಿ ತಾನಾಗಿ ಮ್ಯುಟೇಷನ್ನಿಗೆ ಬರುತ್ತದೆ. ಜಮೀನಿನ ಒಂದು ಭಾಗವನ್ನಷ್ಟೇ ಮಾರುವಾಗ ಸರ್ವೆಯರ್ ಅಳೆದು ಕೊಟ್ಟ 11ಇ ನಕ್ಷೆ ಬೇಕು. 2012ರಲ್ಲಿ ಜಾರಿಯಾದ ‘ಸಕಾಲ’ ವ್ಯವಸ್ಥೆ ಭೂದಾಖಲೆ ಸೇವೆಗಳೂ ಸೇರಿದಂತೆ ಸರ್ಕಾರಿ ಸೇವೆಗಳಿಗೆ ಗಡುವು ವಿಧಿಸಿ, ವಿಳಂಬಕ್ಕೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ನಿಗದಿ ಮಾಡಿತು.

ಫಲ ಮತ್ತು ಮಿತಿ
ಪಹಣಿ ಪಡೆಯುವ ಅಲೆದಾಟ ತಗ್ಗಿತು. ಸಾಲ ಕೊಡುವ ಬ್ಯಾಂಕಿಗೂ ದಾಖಲೆ ನೋಡುವುದು ಸುಲಭವಾಯಿತು. ಆದರೆ ಹಳ್ಳಿಯಲ್ಲಿದ್ದ ಅಧಿಕಾರ ತಾಲ್ಲೂಕಿನಲ್ಲಿ ಕೇಂದ್ರೀಕೃತವಾಗಿ ದೊಡ್ಡ ಭೂವ್ಯವಹಾರಸ್ಥರಿಗೆ ಅನುಕೂಲವಾಯಿತೆಂದು ಸಂಶೋಧಕ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರ ಅಧ್ಯಯನದಲ್ಲಿ ವಾದಿಸಿದರು.

ಹಳೆಯ ಪುಸ್ತಕದ ತಪ್ಪುಗಳೂ ಗಣಕಕ್ಕೆ ದಾಟಿಕೊಂಡವು. ಪಹಣಿಯ 3ನೇ ಕಲಮಿನಲ್ಲಿ ಸರ್ವೆ ನಂಬರಿನ ವಿಸ್ತೀರ್ಣವಿದ್ದರೆ, 9ನೇ ಕಲಮಿನಲ್ಲಿ ಮಾಲೀಕರ ಹೆಸರು ಮತ್ತು ಅವರವರ ಪಾಲಿನ ಎಕರೆ-ಗುಂಟೆ ಇರುತ್ತದೆ. ಇವೆರಡೂ ತಾಳೆಯಾಗದ ಪ್ರಕರಣಗಳು ಅನೇಕ. ತಾತ ತೀರಿಕೊಂಡು ದಶಕ ಕಳೆದರೂ ವಾರಸುದಾರರ ಹೆಸರಿಗೆ ಪೌತಿ ಖಾತೆಯಾಗದೆ ಅವನ ಹೆಸರಲ್ಲೇ ಇರುವ ಜಮೀನು, ಪೋಡಿಯಾಗದ (ಅಳೆದು ಪಾಲು ಬೇರ್ಪಡಿಸದ) ಜಂಟಿ ಖಾತೆ ಇವೂ ಉಳಿದಿವೆ. ವಾರಸುದಾರರ ಒಪ್ಪಿಗೆಯನ್ನಾಗಲಿ ಅಳತೆಯನ್ನಾಗಲಿ ತಂತ್ರಾಂಶ ತಾನೇ ತರಲಾರದು. ಆದ್ದರಿಂದ ಇಲಾಖೆ ಕಂದಾಯ ಅದಾಲತ್, ಪೌತಿ ಖಾತೆ ಆಂದೋಲನಗಳ ಮೂಲಕ ಹಳ್ಳಿಗಳಲ್ಲೇ ಈ ತಿದ್ದುಪಡಿಗಳನ್ನು ಕೈಗೆತ್ತಿಕೊಳ್ಳುತ್ತ ಬಂದಿದೆ.