ಓಬರ್‌ಕಾಸೆಲ್ ಸಮಾಧಿ

ಜರ್ಮನಿಯ ಬಾನ್ ನಗರಕ್ಕೆ ಸೇರಿದ ಓಬರ್‌ಕಾಸೆಲ್‌ನ ಕಲ್ಲುಗಣಿಯಲ್ಲಿ 1914ರಲ್ಲಿ ಕೆಲಸಗಾರರ ಕಣ್ಣಿಗೆ ಬಿದ್ದ, ಸುಮಾರು 14,000 ವರ್ಷ ಹಳೆಯದಾದ, ಹಳೆ ಶಿಲಾಯುಗದ ಕೊನೆಯ ಘಟ್ಟದ ಸಮಾಧಿ. ಬಸಾಲ್ಟ್ ಚಪ್ಪಡಿಗಳ ಕೆಳಗೆ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸಿನ ಅಸ್ಥಿಪಂಜರಗಳೂ ನಾಯಿಯೊಂದರ ಎಲುಬುಗಳೂ ದೊರೆತವು. ಶವಗಳ ಸುತ್ತ ಕಬ್ಬಿಣದ ಅಂಶವಿರುವ ಕೆಂಪು ಖನಿಜದ ಪುಡಿಯನ್ನು ಉದುರಿಸಲಾಗಿತ್ತು. ಮೊದಲು ತೋಳದ್ದೆಂದು ಎಣಿಸಲಾಗಿದ್ದ ದವಡೆಯು ಸಾಕುನಾಯಿಯದೆಂದು 1970ರ ದಶಕದ ಕೊನೆಯಲ್ಲಿ ಗುರುತಿಸಲ್ಪಟ್ಟಿತು.

ಸಾಯುವಾಗ ಈ ನಾಯಿಗೆ ಸುಮಾರು ಏಳು ತಿಂಗಳು. ಅದರ ಹಲ್ಲುಗಳ ಎನಾಮಲ್‌ನಲ್ಲಿ, ಅಂದರೆ ಹೊರಗಿನ ಗಟ್ಟಿ ಪದರದಲ್ಲಿ, ಕಂಡುಬಂದ ದೋಷಗಳನ್ನು ಪರಿಶೀಲಿಸಿದ ಸಂಶೋಧಕರು, ಮರಿಯಾಗಿದ್ದಾಗ ಅದಕ್ಕೆ ಡಿಸ್ಟೆಂಪರ್ ಎಂಬ ಮಾರಕ ವೈರಾಣು ರೋಗ ತಗುಲಿದ್ದಿರಬೇಕೆಂದೂ, ನೀರು, ಆಹಾರ, ಬೆಚ್ಚನೆಯ ಆಸರೆ ಕೊಟ್ಟು ಯಾರೋ ಅದನ್ನು ವಾರಗಟ್ಟಲೆ ಆರೈಕೆ ಮಾಡದಿದ್ದರೆ ಅದು ಅಷ್ಟು ದಿನ ಬದುಕುತ್ತಿರಲಿಲ್ಲವೆಂದೂ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವಾದಿಸಿದರು. ಬೇಟೆಗಾಗಲಿ ಕಾವಲಿಗಾಗಲಿ ಒದಗಲಾರದ ರೋಗಿಷ್ಠ ಮರಿಯನ್ನು ಹೀಗೆ ಸಲಹಿದ್ದು ಉಪಯೋಗವನ್ನು ಮೀರಿದ ಮಮತೆಗೆ ಸಾಕ್ಷ್ಯವೆಂಬುದು ಅವರ ಅಭಿಪ್ರಾಯ.

ಇಂಥ ಸಮಾಧಿಗಳು ಬೇರೆಡೆಯೂ ಇವೆ. ಇಸ್ರೇಲಿನ ಐನ್ ಮಲ್ಲಾಹದಲ್ಲಿ ಸುಮಾರು 12,000 ವರ್ಷಗಳ ಹಿಂದಿನ ಶವವೊಂದರ ಕೈ ನಾಯಿಮರಿಯ ಅಥವಾ ತೋಳಮರಿಯ ಮೇಲಿದೆ. ಭಾರತದಲ್ಲಿ, ಕಾಶ್ಮೀರದ ನವಶಿಲಾಯುಗದ ನೆಲೆಯಾದ ಬುರ್ಜಹೋಮ್‌ನಲ್ಲಿಯೂ ಮನುಷ್ಯರೊಂದಿಗೆ ನಾಯಿಗಳನ್ನು ಹೂಳಲಾಗಿದೆ.