ವಾಡಿ ಜಂಕ್ಷನ್ನಿನಿಂದ ಜಾಮಿಯಾ ನಿಜಾಮಿಯಾಕ್ಕೆ

ನಮ್ಮ ಕಲಬುರಗಿ ಜಿಲ್ಲೆಯ ಮುಸ್ಲಿಮರ ಧಾರ್ಮಿಕ ಉನ್ನತ ಶಿಕ್ಷಣದ ಚರಿತ್ರೆ ಬರೆಯಹೊರಟರೆ ರೈಲಿನಿಂದಲೇ ಶುರು ಮಾಡಬೇಕು. 1874ರಲ್ಲಿ ವಾಡಿ–ಸಿಕಂದರಾಬಾದ್ ನಡುವೆ ನಿಜಾಮರ ರೈಲು ಓಡತೊಡಗಿತು. ಚಿತ್ತಾಪುರ, ಸೇಡಂ ಆ ಹಳಿಯ ಮೇಲೇ ಬಂದವು. ಶಹಾಬಾದಿನವರು ವಾಡಿಯಲ್ಲಿ ಗಾಡಿ ಬದಲಿಸಿದರಾಯಿತು. ಚಿಂಚೋಳಿಗೆ ಮಾತ್ರ ಇಂದಿಗೂ ರೈಲಿಲ್ಲ. ಎರಡೇ ವರ್ಷಕ್ಕೆ, 1876ರಲ್ಲಿ, ಮೌಲಾನಾ ಅನ್ವಾರುಲ್ಲಾ ಫಾರೂಕಿ ಹೈದರಾಬಾದಿನಲ್ಲಿ ಜಾಮಿಯಾ ನಿಜಾಮಿಯಾ ತೆರೆದರು. ಊರಿನ ಮಕ್ತಬದಲ್ಲಿ ಅಲಿಫ್ ಬೇ, ಕುರಾನ್ ಪಠಣ, ಹೆಚ್ಚೆಂದರೆ ಹಿಫ್ಜ್, ಅಂದರೆ ಕುರಾನ್ ಕಂಠಪಾಠ. ಅದರಾಚೆ ಮೌಲ್ವಿ, ಆಲಿಂ, ಫಾಜಿಲ್, ಕಾಮಿಲ್ ಆಗಬೇಕೆನ್ನುವವರಿಗೆ ಹೈದರಾಬಾದು ಹತ್ತಿರವಾಯಿತು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯ ಸೇರಿತು, ಕಡತಗಳು ಬೆಂಗಳೂರಿಗೆ ಹೋದವು. ಓದಿನ ದಾರಿ ಬದಲಾಗಲಿಲ್ಲ.

ಹಾಗಂತ ವಿದ್ಯೆ ಈ ನೆಲಕ್ಕೆ ರೈಲು ಹತ್ತಿ ಬಂದದ್ದಲ್ಲ. ಚಿತ್ತಾಪುರದ ಮಗ್ಗುಲಿನ ನಾಗಾವಿ ಘಟಿಕಾಸ್ಥಾನದಲ್ಲಿ ವೇದ ಓದುವ 200 ವಿದ್ಯಾರ್ಥಿಗಳೂ ಆರು ಮಂದಿ ಸರಸ್ವತೀ ಭಂಡಾರಿಗರೂ ಇದ್ದರೆಂದು 1058ರ ಶಾಸನ ಹೇಳುತ್ತದೆ. ಇವತ್ತಿನ ಎಷ್ಟು ಕಾಲೇಜುಗಳಲ್ಲಿ ಆರು ಜನ ಗ್ರಂಥಪಾಲಕರಿದ್ದಾರೆ? ಸೇಡಂ ತಾಲ್ಲೂಕಿನ ಮಳಖೇಡದಲ್ಲಿ ಜೈನ ಬಸದಿಯೂ ಇದೆ, ಜಯತೀರ್ಥರ ವೃಂದಾವನವೂ ಇದೆ. ಚಿಂಚೋಳಿಯ ಆಚೆ ಬೀದರಿನಲ್ಲಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದ್ರಸಾ. ಕಲಬುರಗಿಯಲ್ಲಿ 1422ರಲ್ಲಿ ತೀರಿಕೊಂಡ ಖ್ವಾಜಾ ಬಂದೇನವಾಜರು ದೊಡ್ಡ ವಿದ್ವಾಂಸರು. ಅವರ ದರ್ಗಾದ ಉರುಸಿಗೆ ಹರಕೆ ಹೊತ್ತು ಬರುವ ರೈತನಿಗೆ ಅವರ ಗ್ರಂಥಗಳ ಗೊಡವೆಯಿಲ್ಲ.

ಆಲಿಂ ಆಗಿ ಊರಿಗೆ ಮರಳಿದ ಹುಡುಗನಿಗೆ ಪೇಚಾಟ ಗ್ರಂಥಕ್ಕೂ ಜನರ ಆಚರಣೆಗೂ ನಡುವಿನ ಈ ಅಂತರದಲ್ಲೇ. ಮೊಹರಂನಲ್ಲಿ ಹಿಂದೂ ಮನೆಯವರೂ ಅಲಾಯಿ ಕುಣಿಯುತ್ತಾರೆ, ಪೀರಲ ದೇವರಿಗೆ ಸಕ್ಕರೆ ಓದಿಸುತ್ತಾರೆ. ಇದು ಕೂಡದೆನ್ನುವವರೂ ಇರಲಿ ಬಿಡಿ ಎನ್ನುವವರೂ ಉಲಮಾಗಳಲ್ಲೇ ಇದ್ದಾರೆ. ಆ ಜಗಳಕ್ಕಿಂತ ನನಗೆ ದೊಡ್ಡದಾಗಿ ಕಾಣುವ ಕೊರತೆ ಬೇರೆ. ಕಲ್ಲಿನ ಗಣಿ, ತೊಗರಿ ಹೊಲ, ತಹಸೀಲ ಕಚೇರಿಯಲ್ಲಿ ಬೇಕಾದದ್ದು ಕನ್ನಡ. ಜುಮ್ಮಾ ದಿನದ ಬಯಾನ್, ಅಂದರೆ ಪ್ರವಚನ, ಉರ್ದುವಿನಲ್ಲಿ. ಕನ್ನಡದಲ್ಲಿ ಒಂದು ಅರ್ಜಿ ಬರೆಯಲಾಗದ ಆಲಿಂ ತನ್ನ ಜಮಾತಿಗೂ ಅರ್ಧವೇ ದಕ್ಕುತ್ತಾನೆ.

ಇನ್ನು ಈ ಓದಿಗೆ ಬೇಕಾದ ಹಣ, ಮಾನ್ಯತೆಯ ಮಾತು. ಪೂರ್ತಿ ಸರ್ಕಾರಿ ಹಣದ ಸಂಸ್ಥೆಯಲ್ಲಿ ಧರ್ಮಬೋಧನೆಯನ್ನು ಸಂವಿಧಾನದ 28ನೇ ವಿಧಿ ತಡೆಯುತ್ತದೆ. ತಮ್ಮ ಸಂಸ್ಥೆಗಳನ್ನು ತಾವೇ ಕಟ್ಟಿ ನಡೆಸುವ ಹಕ್ಕನ್ನು 30ನೇ ವಿಧಿ ಅಲ್ಪಸಂಖ್ಯಾತರಿಗೆ ಕೊಡುತ್ತದೆ. ಹೀಗಾಗಿ ಮದ್ರಸಾಗಳು ಜಕಾತ್, ಚಂದಾ ನಂಬಿಕೊಂಡೇ ಬೆಳೆದವು. ಕಲಬುರಗಿಯಲ್ಲಿ 2018ರಲ್ಲಿ ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯ ಬಂತು; ಅಲ್ಲಿಗೆ ಬಹಳ ಜನ ಹೋಗುವುದು ಎಂಜಿನಿಯರಿಂಗ್, ವೈದ್ಯಕೀಯ ಓದಲು. ಹೈದರಾಬಾದಿನಲ್ಲಿ 1998ರಲ್ಲಿ ಆರಂಭವಾದ ಮೌಲಾನಾ ಆಜಾದ್ ರಾಷ್ಟ್ರೀಯ ಉರ್ದು ವಿಶ್ವವಿದ್ಯಾಲಯ ಮಾನ್ಯತೆ ಪಡೆದ ಮದ್ರಸಾಗಳ ಸನದಿನ (ಪ್ರಮಾಣಪತ್ರದ) ಮೇಲೆ ಪದವಿಗೆ ಸೇರಿಸಿಕೊಳ್ಳುತ್ತದೆ. ಆ ಪದವಿ ಹಿಡಿದು ನಮ್ಮ ರಾಜ್ಯದಲ್ಲಿ ಸರ್ಕಾರಿ ನೌಕರಿ ಕೇಳಲು ಹೋದರೆ, ಅಲ್ಲಿಯೂ ಕನ್ನಡ ಬಾರದೆ ನಡೆಯದು.